ಕಾರಣ: ಖಾಸಗಿ

ಗುಳೇದಗುಡ್ಡದ ಸಬರದ ಡಾಕ್ಟರ ದವಾಖಾನಿಯಾಗ
ಬಾಗಿಲ ಹಿಂದ ಒಂದು ಹಲಗಿ ಐತಿ.
ಅದರ ಮ್ಯಾಲಿನ ಅಕ್ಷರ ನಂದು.
ಪೇಂಟರ್ ಮುನ್ನೂರು ಕೇಳಿದ, ಡಾಕ್ಟರು
ಬ್ರಶ್ಶು ನನ್ನ ಕೈಯಾಗ ಕೊಟ್ಟರು.

ರಜಾ ಚೀಟಿ, ಹಯಾತಿ ಚೀಟಿ, ಐವತ್ತು.
ಫಿಟ್‌ನೆಸ್ಸಿಗೆ ನೂರು.
ವಿಮಾ ಫಾರ್ಮು, ಪುಟ ಎಷ್ಟರ ಇರಲಿ, ಎರಡು ನೂರು.
ಸಾವಿನ ಚೀಟಿಗೆ ರೊಕ್ಕಿಲ್ಲ.
ಅದನ್ನ ಬರೀಬ್ಯಾಡ ಅಂದ್ರು, ಬರೀಲಿಲ್ಲ.
ಅದು ಬೇಕಾದವರು ಹಲಗಿ ಓದೂದಿಲ್ಲ.

ಜ್ವರಕ್ಕ ಮೂವತ್ತು ತಗೊಂಡು
ಸಹಿಗೆ ನೂರು ತಗೊಳ್ಳೂದು ಯಾವ ಲೆಕ್ಕ ಅಂತ
ಮಂದಿ ನನ್ನ ಕೂಡ ಜಗಳ ತಗೀತಾರ,
ಡಾಕ್ಟರ ಮುಂದ ಹೋಗಿ ಕೈ ಕಟ್ಟಿ ಕೂಡ್ತಾರ.
"ಎರಡ ಗೆರಿ ಎಳದ್ರ ನೂರು!
ನಾವು ದಿನಾ ಎಷ್ಟು ಎಳಿ ಎಳೀತೀವಿ ಗೊತ್ತೈತೇನ?"
ಅಂದ ಮಗ್ಗದ ಸಂಕಪ್ಪ.
ಗೊತ್ತಿತ್ತು. ನಮ್ಮಪ್ಪನೂ ಕುಣಿಯಾಗ ಕಾಲು ಇಳಿಬಿಟ್ಟು
ಖಣ ನೇದಾಂವ.

ಡಾಕ್ಟರು ಒಮ್ಮೆ ಹೇಳಿದ್ರು, ರೊಟ್ಟಿ ಮುರಕೋತ:
ಗುಳಗಿ ಹೊಟ್ಟಿಗೆ ಹೋಗಿ ಕರಗತೈತಿ,
ಸಹಿ ಕರಗೂದಿಲ್ಲ.
ನಾ ನೋಡದ ಆಫೀಸಿನ್ಯಾಗ, ನಾ ನೋಡದ ಟೇಬಲ್ ಮ್ಯಾಲ
ನನ್ನ ಹೆಸರು ಹೇಳಕೋತ ಕುಂದರತೈತಿ. ಅದಕ್ಕ ರೊಕ್ಕ.
ಆಮ್ಯಾಲ ಸ್ವಲ್ಪ ತಡದು:
ಕರೆಂಟ್ ಬಿಲ್ಲೂ ಐತಲ್ಲ.

ಬಾದಾಮಿ ಡಿಪೋದ ಕಂಡಕ್ಟರಗ
ಹೋದ ಸೋಮವಾರದ ಜ್ವರ ಇವತ್ತ ಬೇಕು.
"ಸೋಮವಾರ ನಾನ ಊರಾಗಿರಲಿಲ್ಲಪಾ,
ನಿನ್ನ ಜ್ವರ ಯಾರು ನೋಡ್ಯಾರು?"
ಸೈನ್ಯಕ್ಕ ಹೊಂಟ ಹುಡುಗ ಎದಿ ಉಬ್ಬಿಸಿ ಉಸಿರು ಹಿಡದಾಂವ
ಟೇಪು ತಗದರೂ ಬಿಡವಲ್ಲ.
ತಾನು ಬದುಕೀನಿ ಅಂತ ಬರಸಾಕ ಬಂದ ರಾಚವ್ವಾಯಿ
ಸೆರಗಿನ ಗಂಟು ಬಿಚ್ಚಿ ಐವತ್ತರ ನೋಟು ಇಟ್ಟು
"ಹೋದ ವರ್ಷನೂ ಇಷ್ಟ ಇತ್ತು,
ಬದುಕೂದು ತುಟ್ಟಿ ಆಗಿಲ್ಲ ಬಿಡು" ಅಂದಳು.

ಎಲ್ಲಾರಿಗೂ ನಾನ ರಶೀದಿ ಹರೀತೀನಿ,
ಕಾರ್ಬನ್ ಇಟ್ಟು ಒತ್ತಿ ಬರೀತೀನಿ.
ಕಾರಣ ಅಂತ ಒಂದು ಸಾಲು ಐತಿ.
ಬಾಯಿ ಬಿಟ್ಟು ಹೇಳದವರಿಗೆ
ಖಾಸಗಿ ಅಂತ ಬರೀತೀನಿ.

ಶ್ರಾವಣ ಮುಗದ ಮ್ಯಾಲ ಕೆರೂರಿಂದ ನನ್ನ ನೋಡಾಕ ಬಂದ್ರು.
ಅವಲಕ್ಕಿ ತಿಂದ್ರು.
ಚಾ ಕೊಡೂವಾಗ ತೋಳು ಸರದು
ಮಣಿಕಟ್ಟಿನ ಬಿಳಿ ಕಂಡಿತು.
ಭಾಳ ಅಗಲಿಲ್ಲ. ಒಂದು ತುತ್ತು ಮೊಸರನ್ನದಷ್ಟು.
ಹುಡುಗನ ಕಾಕಾ ಕೆಮ್ಮಿ ಅಂದ:
"ಏನಿಲ್ಲ, ಹುಡಗಿ ಡಾಕ್ಟರ ಹತ್ರನ ಇರತಾಳ,
ಒಂದು ಕಾಗದ ಮಾಡಿಸಿ ಕಳಿಸ್ರಿ, ಸಾಕು."

ಮರುದಿನ ಕಡೀ ಪೇಷಂಟ್ ಹ್ವಾದ ಮ್ಯಾಲ
ಅವರ ಸ್ಟೂಲಿನ ಮ್ಯಾಲ ನಾ ಕುಂತೆ.
ಡಾಕ್ಟರು ಚಷ್ಮಾ ಹಣಿಗೇರಿಸಿ ಕೈ ಹಿಡದು ನೋಡಿದ್ರು,
ಹನ್ನೊಂದು ವರ್ಷದಿಂದ ದಿನಾ ನೋಡೂ ಕೈ.
ಇಂಗ್ಲೀಷ್‌ನ್ಯಾಗ ನಾಕು ಗೆರಿ ಬರದ್ರು.
ಅವರ ಅಕ್ಷರ ಓದೂದು ಊರಾಗ ನನಗ, ಮತ್ತ
ಮೆಡಿಕಲ್ ಅಂಗಡಿ ಇಮಾಮಸಾಬಗ ಅಷ್ಟ ಬರತೈತಿ.
ಅಂಟೂದಿಲ್ಲ. ಬ್ಯಾನಿಲ್ಲ. ಎಲ್ಲಾ ಕೆಲಸಕ್ಕೂ ಯೋಗ್ಯಳು.
ಸುಳ್ಳು ಒಂದೂ ಇರಲಿಲ್ಲ ಅದರಾಗ.

"ನಿನಗ ರೊಕ್ಕ ಬ್ಯಾಡ" ಅಂದ್ರು.
ನಾ ಕೇಳಲಿಲ್ಲ. ಡ್ರಾದಾಗ ನೂರು ಹಾಕಿ
ರಶೀದಿ ಬರದೆ.
ಹೆಸರು: ಸಾವಂತ್ರಿ ಜಿಡ್ಡಿಮನಿ.
ಕಾರಣ:
ಪೆನ್ನು ಅಲ್ಲೇ ನಿಂತಿತು.

ಅಪ್ಪ ಅಂತಿದ್ದ, ಬಣ್ಣಕ್ಕ ಅದ್ದೂವಾಗ
ಲಡಿ ಬಿಗಿ ಕಟ್ಟಿದ್ದಲ್ಲಿ ನೂಲು ಬಿಳೀದ ಉಳೀತೈತಿ,
ಅದು ನೂಲಿನ ತಪ್ಪಲ್ಲ.
ಹಂಗಂತ ಯಾವ ಗಿರಾಕಿಗೂ
ಅಂವ ಚೀಟಿ ಬರದು ಕೊಡಲಿಲ್ಲ.

ಗುರುವಾರ ಕೆರೂರಿಂದ ಫೋನ್ ಬಂತು.
"ಕಾಗದ ತಯಾರಾತೇನವಾ?"
ಆಗೇತ್ರಿ, ಅಂದೆ.
ಹುಡುಗಂದೂ ಮಾಡಸೂಣಲ್ರಿ. ನೂರು ರೂಪಾಯಿ.
ಮುಂಜಾನೆ ಹತ್ತರೊಳಗ ಬರಲಿ, ಏನೂ ತಿನ್ನದ.

ಆ ಕಡೆ ಯಾರೋ ಕೆಮ್ಮಿದ್ರು.