ಒತ್ರಿ, ಹಿಡೀರಿ

ಬೆಳಿಗ್ಗೆ ಹತ್ತರಿಂದ ನಾನು ಹಲ್ಲಿನ ಡಾಕ್ಟರು,
ಎಂ.ಸಿ.ಸಿ. ಬಿ ಬ್ಲಾಕ್, ಎರಡನೇ ಮಹಡಿ.
ರಾತ್ರಿ ಎಂಟರ ಮೇಲೆ
ಮಂಡಕ್ಕಿ ಭಟ್ಟಿಗಳ ಹಿಂದಿನ ತಗಡಿನ ಶೆಡ್ಡಿನಲ್ಲಿ
ಚಮನ್‌ಸಾಬರ ಕೈಕೆಳಗಿನ ಹುಡುಗ.

ಗಾಡಿ ಹಳೆಯದು. ಎರಡೇ ಸೀಟು, ಫೈಬರ್ ಮೈ,
ತಲೆಯ ಮೇಲೆ ಬಟ್ಟೆ.
ರಾಣೆಬೆನ್ನೂರಿನ ಯಾರದೋ ಗೋದಾಮಿನಲ್ಲಿ
ಹನ್ನೊಂದು ವರ್ಷ ಹತ್ತಿಬೀಜದ ಚೀಲ ಹೊತ್ತು ನಿಂತಿತ್ತು.
ಬಾನೆಟ್ಟಿನ ಬಿರುಕಿಗೆ ನಾನೇ ರೆಸಿನ್ ತುಂಬಿದೆ.
ಹುಳುಕು ಕೊರೆಯುವುದು, ತುಂಬುವುದು, ನುಣುಪು ಮಾಡುವುದು,
ಇಷ್ಟು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಮೊದಲು ಕಳೆಯುವ ಕೆಲಸ.
ಕಾರ್ಪೆಟ್ಟು, ಟೇಪು, ಸ್ಟೆಪ್ನಿ, ಬಾಗಿಲೊಳಗಿನ ರೆಕ್ಸಿನ್
ಒಂದೊಂದನ್ನೂ ಭಟ್ಟಿಯ ತಕ್ಕಡಿಗೆ ಒಯ್ದು
ಚಮನ್‌ಸಾಬರು ಸೀಮೆಸುಣ್ಣದಲ್ಲಿ ಗೋಡೆಗೆ ಬರೆದರು:
ನಲವತ್ತಾರು ಕೇಜಿ, ಮೇಲೆ ಚಿಲ್ಲರೆ.
"ನಮ್ಮ ಐದು ಚೀಲ ಮಂಡಕ್ಕಿ ಆತಲ್ಲವ್ವಾ!"
ಭಟ್ಟಿಯ ಹನುಮವ್ವ ಬೆರಗಾದಳು.
ಆಮೇಲೆ ನನ್ನನ್ನೇ ಮೇಲೆ ಕೆಳಗೆ ನೋಡಿ,
"ನೀನೂ ಒಂದೀಟು ಇಳಸಬೋದಿತ್ತು."

ಮುಂದಿನ ಗಾಲಿಗಳ ತಲೆ ಒಳಗೆ ವಾಲಬೇಕು, ಎರಡು ಡಿಗ್ರಿ.
ಅಳೆಯಲು ಗಾರೆಯವರ ತೂಗುಗುಂಡು, ಒಂದು ದಾರ,
ನನ್ನ ಕ್ಲಿನಿಕ್ಕಿನ ಉಕ್ಕಿನ ಸ್ಕೇಲು.
ಈಗ ಅದು ಮುಂಗಾಲು ಅಗಲಿಸಿ ನಿಲ್ಲುತ್ತದೆ
ಹಾಯಲು ಬಂದ ಟಗರಿನ ಹಾಗೆ.
ಸ್ಪ್ರಿಂಗು, ಲಾರಿ ಪಟ್ಟಿ ಬಡಿಯುವವರಿಗೆ ಹೇಳಿ ಸುತ್ತಿಸಿದ್ದು.
ಮೊದಲ ಜೋಡಿ ಎಷ್ಟು ಬಿರುಸೆಂದರೆ
ರೈಲ್ವೆ ಗೇಟಿನ ಹಳಿ ದಾಟುವಾಗ
ನನ್ನ ಬಾಯೊಳಗಿನ ಫಿಲ್ಲಿಂಗೇ ಅಲುಗಿತು.

"ಓಡ್ಸೋದು ಎಲ್ಲಾರಿಗೂ ಬರ್ತೈತ್ರಿ ಮೇಡಂ,"
ಚಮನ್‌ಸಾಬರ ಪಾಠ ಅಷ್ಟೇ,
"ನಿಲ್ಸೋದು ಕಲೀರಿ."

ಹೊರಡುವ ಹಿಂದಿನ ರಾತ್ರಿ ಬ್ರೇಕಿನ ಎಣ್ಣೆ ಬದಲಿ.
ಅವರು ಗಾಲಿಯ ಬಳಿ: ಸ್ಪ್ಯಾನರು, ಸಲೈನಿನ ನಳಿಗೆ, ಸೋಡಾ ಬಾಟಲಿ.
ನಾನು ಸೀಟಿನಲ್ಲಿ, ಪೆಡಲಿನ ಮೇಲೆ ಬರಿಗಾಲು.
"ಒತ್ರಿ."
"ಹಿಡೀರಿ."
"ಬಿಡ್ರಿ."
ಹಗಲೆಲ್ಲ ನಾನು ಅನ್ನುವವಳು: ಬಾಯಿ ತೆಗೀರಿ, ಮುಕ್ಕಳಿಸಿ, ಉಗುಳಿ.
ಅನ್ನಿಸಿಕೊಳ್ಳುವುದು ಹೀಗಿರುತ್ತದೆ.

ಮೂರು ಗಾಲಿ ಮುಗಿದು ಹನ್ನೆರಡೂವರೆ.
ನಾಲ್ಕನೆಯದು, ನನ್ನ ಕಾಲಿಗೆ ತೀರ ಹತ್ತಿರದ್ದು.
"ಇನ್ನೆರಡು ಸಲ," ಅಂದರು.
"ಸಾಕು ಬಿಡಿ, ಕಲ್ಲಿನಂತಿದೆ," ಅಂದೆ.
ಒಂದು ಗಳಿಗೆ ನನ್ನನ್ನು ನೋಡಿದರು.
ನಟ್ಟು ಬಿಗಿದರು.

ಮೆಕ್ಕೆಜೋಳ ಇಳಿಸಿ ಖಾಲಿಯಾದ ಕ್ಯಾಂಟರಿನಲ್ಲಿ
ಗಾಡಿ ಹೇರಿಕೊಂಡು ಕೊಯಮತ್ತೂರು.
ಐದು ಸುತ್ತು, ಕಲ್ಲು.
ಆರನೆಯದರಲ್ಲಿ, ಉದ್ದ ನೇರದ ತುದಿಗೆ,
ಕಾಲಡಿ ಬೆಣ್ಣೆ.
ಮತ್ತೊಮ್ಮೆ ಒತ್ತಿದೆ.
ಬೆಣ್ಣೆ.

ಜಲ್ಲಿಯಲ್ಲಿ ಹೂತು ನಿಂತಾಗ ಎಂಜಿನ್ನು ಏನೂ ಆಗದಂತೆ ಗುನುಗುತ್ತಿತ್ತು.
ಹೆಲ್ಮೆಟ್ಟಿನೊಳಗೆ ನನ್ನದೇ ಉಸಿರು, ಬಿಸಿ.
ಹಗ್ಗ ತಂದ ಹುಡುಗ ತಮಿಳಿನಲ್ಲಿ ಏನೋ ಕೇಳಿದ,
ಪೆಟ್ಟಾಯಿತಾ ಎಂದಿರಬೇಕು.
"ಸಾಕು ಅಂದವಳು ನಾನೇ," ಎಂದೆ, ಕನ್ನಡದಲ್ಲಿ.
ಅವನು ತಲೆಯಾಡಿಸಿ ಕೊಕ್ಕೆ ಹಾಕಿದ.

ವಾಪಸು ದಾರಿಯುದ್ದ ಚಮನ್‌ಸಾಬರು
ಡ್ರೈವರನ ಜೊತೆ ಈರುಳ್ಳಿ ರೇಟು ಮಾತಾಡಿದರು.

ಸೋಮವಾರ ಎರಡು ಅಪಾಯಿಂಟ್‌ಮೆಂಟ್ ಮುಂದೆ ಹಾಕಿ ಬೇಗ ಬಂದೆ.
ಅವರಾಗಲೇ ಚಪ್ಪಲಿ ಬಿಟ್ಟು ನನ್ನ ಸೀಟಿನಲ್ಲಿ.
ಗಾಲಿಯ ಬಳಿ ಹಳೆಯ ಪೇಪರು ಹಾಸಿತ್ತು,
ಅದರ ಮೇಲೆ ಸ್ಪ್ಯಾನರು.
"ಈ ಸಲ ನೀವು ಕೆಳಗ."

"ಒತ್ರಿ," ಅಂದೆ.
ದಿನವೆಲ್ಲ ಅಪ್ಪಣೆ ಕೊಡುವ ನಾಲಿಗೆ ಯಾಕೋ ತಡವರಿಸಿತು.
"ಹಿಡೀರಿ."
ಕಾಲು ಸುತ್ತು ತಿರುಗಿಸಿದೆ.
ಟಾರ್ಚಿನ ಬೆಳಕಲ್ಲಿ ಚಹಾ ಬಣ್ಣದ ಎಣ್ಣೆ,
ಅದರೊಳಗೆ ಸಾಸಿವೆಗಿಂತ ಸಣ್ಣದೊಂದು ಗುಳ್ಳೆ
ಅವಸರವಿಲ್ಲದೆ ನಳಿಗೆ ಹತ್ತಿ ಬಂತು.
ಬಿಗಿದೆ. "ಬಿಡ್ರಿ."

ಗೋಡೆಯಾಚೆ ಬಿಸಿ ಮರಳಿನಲ್ಲಿ ಅಕ್ಕಿ ಅರಳುವ ಸದ್ದು.

"ಒತ್ರಿ."
ಇನ್ನೆಷ್ಟು ಸಲ ಎಂದು ಅವರು ಕೇಳಲಿಲ್ಲ.