ನಾಲ್ಕು ಬೆರಳು

ಚರ್ಮದ ಡಾಕ್ಟರು ಚೀಟಿಯಲ್ಲಿ ಬರೆದದ್ದು ಎರಡೇ ಸಾಲು:
ಒಂದು ಮುಲಾಮು. ಇನ್ನೊಂದು, ಬಿಸಿಲು ಬೇಡ.
ದೋಣಿ ಬಿಡಿ ಅಂತ ಬರೆದಿರಲಿಲ್ಲ.
ಬರೆಯದ್ದನ್ನೇ ಗಟ್ಟಿಯಾಗಿ ಹಿಡಿದುಕೊಂಡು
ಕಲಾಸಿಪಾಳ್ಯಕ್ಕೆ ಹೋದೆ,
ಬಸ್‌ಸ್ಟ್ಯಾಂಡಿನ ಬೆನ್ನಿಗೆ, ಆಟೋ ಟಾಪು ಹೊಲಿಯುವವರ ಸಾಲಿಗೆ.

"ಯಾವ ಮಾಡೆಲ್ಲು?" ಅಂದರು ಪೀರ್‌ಪಾಷಾ, ತಲೆ ಎತ್ತದೆ.
ದೋಣಿ, ಅಂದೆ. ಹಾಯಿದೋಣಿ. ಹಲಸೂರು ಕೆರೇದು.
ಮಿಷನ್ನಿನ ಗಾಲಿ ನಿಂತಿತು.
"ಪ್ಯಾಸೆಂಜರ್ ಎಷ್ಟು?"
ನಾನೊಬ್ಬಳೇ.
"ಹಂಗಾದ್ರೆ ನೆರಳು ಸಾಕು. ಪರದೆ ಬೇಡ."

ಇಪ್ಪತ್ತೆಂಟು ವರ್ಷ
ಟೆಲಿಫೋನ್ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ
ಕೂದಲೆಳೆ ಗೀಟು ಎಳೆದವಳು ನಾನು.
ಕಂದು ಕಾಗದದಲ್ಲಿ ಮೂರು ನೋಟ ಬರೆದು ಒಯ್ದಿದ್ದೆ,
ಮೇಲಿನಿಂದ, ಎದುರಿನಿಂದ, ಮಗ್ಗುಲಿನಿಂದ,
ಗಾಳಿಗೊಂದು ಬಾಣ, ಬಿಸಿಲಿಗೊಂದು.
ಅವರು ಅದನ್ನು ಮಡಚಿ ಗೋಂದಿನ ಡಬ್ಬಿಯಡಿ ಇಟ್ಟರು.
ಸ್ಟೂಲು ಎಳೆದು, "ಕೂತ್ಕೊಳ್ಳಿ," ಅಂದರು,
"ದೋಣೀಲಿ ಹೆಂಗೆ ಕೂತ್ಕೊತೀರೋ ಹಂಗೆ."

ಕೂತೆ. ಕಲಾಸಿಪಾಳ್ಯದ ಫುಟ್‌ಪಾತಿನ ಮೇಲೆ
ಇಲ್ಲದ ಚುಕ್ಕಾಣಿಗೆ ಎಡಗೈ ಚಾಚಿ,
ಇಲ್ಲದ ಹಗ್ಗ ಬಲಗೈಯಲ್ಲಿ ಬಿಗಿಹಿಡಿದು,
ಗಾಳಿಯ ಕಡೆ ತುಸು ವಾಲಿ.
ಮೂಟೆ ಹೊತ್ತ ಹಮಾಲಿಯೊಬ್ಬ
ನಡುಗಡ್ಡೆಯನ್ನು ಬಳಸುವಂತೆ ನನ್ನನ್ನು ಬಳಸಿ ಹೋದ.
ಪೀರ್‌ಪಾಷಾ ನೆತ್ತಿಯಿಂದ ಅಳೆದರು. ಟೇಪಿಲ್ಲ, ಗೇಣಿನಲ್ಲಿ.

ಮೇಲೆ ಅಡ್ಡಗೋಲು ಬೀಸುತ್ತೆ, ಅಂದೆ, ಹಾಯಿಯ ಬುಡದ್ದು,
ದೋಣಿ ಹೊರಳಿದಾಗೆಲ್ಲ ಈ ಬದಿಯಿಂದ ಆ ಬದಿಗೆ.
ಟಾಪು ಅದರ ಕೆಳಗಿರಬೇಕು, ನನ್ನ ತಲೆ ಟಾಪಿನ ಕೆಳಗೆ.
"ನಡುವೆ ಎಷ್ಟು ಬಿಡ್ಲಿ?"
ಎಪ್ಪತ್ತೈದು ಮಿಲಿಮೀಟರ್.
"ನಾಲ್ಕು ಬೆರಳು," ಅಂದರು.
ಯಾರ ಬೆರಳು ಅಂತ ಇಬ್ಬರೂ ಎತ್ತಲಿಲ್ಲ.

ಕೊಳವೆಗೆ ಮರಳು ತುಂಬಿ, ಬಾಯಿಗೆ ಚಿಂದಿ ಗಿಡಿದು
ಹುಡುಗ ಚಾಂದ್ ಅದನ್ನು ಕರೆಂಟು ಕಂಬಕ್ಕೆ ಒತ್ತಿ ಬಗ್ಗಿಸಿದ,
ಎಲ್ಲೂ ನೆಗ್ಗದ ಎರಡು ಕಮಾನು.
ನೈಲಾನು ದಾರ ಮೇಣದಬತ್ತಿಯ ಮೈ ಸವರಿಕೊಂಡು
ಕ್ಯಾನ್ವಾಸಿಗೆ ಇಳಿಯಿತು.
ಹಾಯಿ ಕಾಣದಿದ್ದರೆ ಹೇಗೆ ನಡೆಸಲಿ, ಅಂದದ್ದಕ್ಕೆ
ಆಟೋದ ಹಿಂದಿನ ಪ್ಲಾಸ್ಟಿಕ್ ಕಿಟಕಿಯನ್ನೇ ನೆತ್ತಿಗೆ ಕೂರಿಸಿದರು.
ಅದರ ಅಂಚಿಗೆ ಕೆಂಪು ಪಟ್ಟಿ. ನಾನು ಕೇಳಿರಲಿಲ್ಲ.

ಭಾನುವಾರ ಇಸ್ತ್ರಿ ಅಂಗಿ ತೊಟ್ಟು, ಚಪ್ಪಲಿ ಕೈಯಲ್ಲಿ ಹಿಡಿದು
ಅವರೂ ದೋಣಿಗಿಳಿದರು.
ಹದಿನಾಲ್ಕು ಟಿಚ್ ಬಟನ್ನು ಟಕಟಕ ಕಚ್ಚಿದವು.
ಗುರುದ್ವಾರದ ಗುಮ್ಮಟ ಹಿಂದೆ ಸರಿಯಿತು,
ಅಂತರಗಂಗೆಯ ವಾಸನೆ, ಮೇಲೆ ಹದ್ದು,
ನನ್ನ ಮಡಿಲಲ್ಲಿ, ಎಷ್ಟೋ ತಿಂಗಳ ಮೇಲೆ, ನೆರಳು.
ನೀರು ನೋಡದೆ ಅವರು ಹೊಲಿಗೆಯನ್ನೇ ನೋಡುತ್ತಿದ್ದರು.
"ಮೀಟರ್ ಹಾಕಿದೀರಾ?" ಅಂದರು, ನಗದೆ.

ನಡುಗಡ್ಡೆಯ ಬಳಿ ಹೊರಳಿಸಿದೆ.
ಅಡ್ಡಗೋಲು ಟಾಪಿನ ಬೆನ್ನು ಕೆರೆದುಕೊಂಡು ಹೋಯಿತು.
ಬಿಸಿಲು ಕೆಳಗಿಂದ ನುಸುಳಿ
ನೇರ ನನ್ನ ಮೊಣಕೈಗೆ ಬಂದು ಕೂತಿತು,
ನೆರಳು ಅಷ್ಟೂ ಎದುರಿನ ಖಾಲಿ ಹಲಗೆಗೆ.
ಮೂರು ನೋಟ ಬರೆದಿದ್ದೆ.
ತಿರುಗಿದ ಮೇಲಿನದ್ದು ಬರೆದಿರಲಿಲ್ಲ.

ಆಟೋದಲ್ಲಿ ಹೀಗಾಗಲ್ಲ ಅಲ್ವಾ, ಅಂದೆ, ತುಸು ಕೋಪದಲ್ಲೇ.
"ಆಟೋನೂ ತಿರುಗ್ತದೆ, ಮೇಡಂ.
ಪ್ಯಾಸೆಂಜರು ಜರುಗ್ತಾರೆ."

ಜರುಗಿದೆ.
ಅವರು ಬಿಸಿಲಿನ ಬದಿಗೆ ಹೋಗಿ
ಗೋಲಿಗೂ ಟಾಪಿಗೂ ನಡುವೆ ಕೈ ತೂರಿಸಿದರು.
ಎರಡು ಬೆರಳು ಹೋಯಿತು, ಮೂರನೆಯದು ನಿಂತಿತು.
ಚಾಂದ್‌ನ ಕೈ ಸಣ್ಣದು, ಅವನು ಅಳೆದದ್ದು, ಅಂತ ಗೊಣಗಿ,
"ಬಿಚ್ಚಿ ಕೊಡಿ, ಮಂಗಳವಾರ ಬನ್ನಿ."
ಬಿಚ್ಚಲಿಲ್ಲ. ಇನ್ನೊಂದು ಸುತ್ತು, ಅಂದೆ.
ಪ್ರತಿ ಹೊರಳಿಗೂ ಕರ್ರ್ ಎಂದಿತು ಗೋಲು,
ಪ್ರತಿ ಹೊರಳಿಗೂ ನಾನು ಈಚೆ, ಅವರು ಆಚೆ.

ಸಂಜೆ ಟಾಪನ್ನು ಸುರುಳಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು
ಆಟೋದಲ್ಲಿ ಮನೆಗೆ ಬರುವಾಗ
ಮೊದಲ ಸಲ ತಲೆಯೆತ್ತಿ ನೋಡಿದೆ:
ಯಾರದೋ ಹೊಲಿಗೆ, ಸೊಟ್ಟ, ಎರಡು ಕಡೆ ತೇಪೆ.
ಟ್ರಿನಿಟಿ ಸಿಗ್ನಲ್ಲಿನಲ್ಲಿ ಬಲಕ್ಕೆ ತಿರುಗಿತು.
ಮೊಣಕೈ ಕೆಂಪಗೆ ಉರಿಯುತ್ತಿತ್ತು.
ಮುಲಾಮು ಮನೆಯಲ್ಲಿತ್ತು.