ಹಿಡಿಯಿತೇ

ಈ ಎತ್ತರದಲ್ಲಿ ಗಾಳಿಯೇ ಬಡವ.
ನಾಲ್ಕು ಮೆಟ್ಟಿಲಿಗೆ ಏದುಸಿರು,
ಹಚ್ಚಿದ ಸಿಗರೇಟು ಅರ್ಧಕ್ಕೇ ನಂದುತ್ತದೆ.
ಇಲ್ಲಿ ನಿಂತು ನಾವು
ನಲವತ್ತೆರಡು ಡಬ್ಬಿಗಳ ರೈಲಿಗೆ
ಗಾಳಿ ತುಂಬಬೇಕು.

ಎಂಜಿನ್ನಿನ ಕಂಪ್ರೆಸರ್ ಎದೆ ಬಡಿದುಕೊಳ್ಳುತ್ತದೆ,
ಒಂದು ಪೌಂಡ್, ತಡೆದು ಇನ್ನೊಂದು,
ಜಿಪುಣ ಹಳೆಯ ಸಾಲಕ್ಕೆ ಚಿಲ್ಲರೆ ಎಣಿಸಿಕೊಟ್ಟ ಹಾಗೆ.
ಕೆಳಗೆ ಕಾಯಾವೊ ಬಂದರಿನಲ್ಲಿ
ಸತುವಿನ ಅದಿರಿಗೆ ಹಡಗು ಕಾದಿದೆಯಂತೆ.
ಕಾಯಲಿ.

ತೆಯೋಫಿಲೊ ಪೋಮಾನ ಕಿವಿ ಹೋಗಿ ಒಂಬತ್ತು ವರ್ಷ.
ಕಂಪನಿಗೆ ಗೊತ್ತಿಲ್ಲ. ಗೊತ್ತಿದ್ದವರು ಹೇಳಿಲ್ಲ.
ಸೋರುವ ಸದ್ದು ಹುಡುಕುವ ಕೆಲಸಕ್ಕೆ
ಕಿವುಡನನ್ನು ಇಟ್ಟಿದ್ದಾರಲ್ಲ ಅಂತ
ಮೊದಲ ವಾರ ನಾನೂ ನಕ್ಕಿದ್ದೆ.
ಅವನು ಕೈಗವಸು ಕಳಚಿ,
ಕೊಕಾ ಎಲೆಯ ಹಸಿರು ಎಂಜಲನ್ನು
ಕೈಯ ಬೆನ್ನಿಗೆ ಸವರಿ,
ಕೊಳವೆಗೆ ಕೊಳವೆ ಕೂಡುವ ಕೊರಳ ಹತ್ತಿರ ಹಿಡಿದ.
ಒದ್ದೆ ಚರ್ಮಕ್ಕೆ ಸೂಜಿಯಂಥ ಚಳಿ ಚುಚ್ಚಿದರೆ
ಅಲ್ಲೇ ಸೋರಿಕೆ.
"ಬಿರುಗಾಳಿಯ ದಿನ ಎಲ್ಲವೂ ಬುಸ್ ಅನ್ನುತ್ತೆ, ಸೆನೋವಿಯಾ,
ಕಿವಿ ನಂಬಿಬಿಡುತ್ತೆ.
ಚರ್ಮಕ್ಕೆ ಅಷ್ಟು ಜಾಣತನ ಇಲ್ಲ."

ಊರವರು ತಿಳಿದಿರುವುದು ತಲೆಕೆಳಗು:
ಗಾಳಿ ರೈಲನ್ನು ಹಿಡಿದು ನಿಲ್ಲಿಸುತ್ತದೆ ಅಂತ.
ಅಲ್ಲ. ಕೊಳವೆ ತುಂಬಿದ್ದಷ್ಟು ಹೊತ್ತು ಚಕ್ರ ಸ್ವತಂತ್ರ.
ಉಸಿರು ಇಳಿದಾಗಲೇ
ಕಬ್ಬಿಣ ಕಬ್ಬಿಣವನ್ನು ಕಚ್ಚುವುದು.

ತೊಂಬತ್ತು ಮುಟ್ಟಿತು.
ಕೊನೆಯ ಡಬ್ಬಿಯ ಹಿಂದೆ ಮಂಡಿಯೂರಿ ನಾನು,
ಮುಳ್ಳಿನ ಮೇಲೆ ಟಾರ್ಚು.
"ಇಪ್ಪತ್ತು ಇಳಿಸು" ಅಂದೆ ರೇಡಿಯೊದಲ್ಲಿ.
"ಇಳಿಸಿದೆ" ಅಂದ ಆಕಿಲೆಸ್, ಆಕಳಿಸುತ್ತಾ.
ನನ್ನ ಮುಳ್ಳು ತೊಂಬತ್ತರಲ್ಲೇ ಇತ್ತು,
ಉಂಡು ಮಲಗಿದವರ ಹಾಗೆ, ನೆಮ್ಮದಿಯಾಗಿ.

ಆ ನೆಮ್ಮದಿ ನೋಡಿ ನನ್ನ ಹೊಟ್ಟೆ ಕಲಸಿತು.

ನಡೆದೆವು, ಹಿಂದಿನಿಂದ ಮುಂದಕ್ಕೆ,
ಜಲ್ಲಿಕಲ್ಲು ಜಾರುತ್ತಾ, ಡಬ್ಬಿ ಎಣಿಸುತ್ತಾ.
ಪಿಸ್ಟನ್ ಒಳಗೇ. ಇದರದೂ ಒಳಗೇ. ಇದರದೂ.
ಗಾಲಿಗೂ ಬ್ರೇಕಿನ ಕಟ್ಟೆಗೂ ನಡುವೆ
ನನ್ನ ಬೆರಳು ಆರಾಮಾಗಿ ತೂರಿತು.
ಇಪ್ಪತ್ತಮೂರನೆಯದರಲ್ಲಿ ತೆಯೋಫಿಲೊ ನಿಂತ.
ನಲ್ಲಿಯ ಹಿಡಿಕೆ ಅಡ್ಡ ತಿರುಗಿತ್ತು.
ಹಿಡಿಕೆಯ ಮೇಲಿನ ಹಿಮದಲ್ಲಿ
ಟೈರು ಕೊಯ್ದು ಮಾಡಿದ ಚಪ್ಪಲಿಯ ಅಚ್ಚು,
ಸಣ್ಣ ಕಾಲಿನದು.

ಗಾಳಿ ತುಂಬಿದ ಮೇಲೆ
ಯಾರೋ ಡಬ್ಬಿಗಳ ಸಂದಿಯಲ್ಲಿ ಹತ್ತಿ ದಾಟಿದ್ದಾರೆ.
ಈ ರಾತ್ರಿ ಹಳಿಯ ಆಚೆಯಿಂದ ಈಚೆಗೆ
ಸೂಪಿನ ಪಾತ್ರೆ ಹೊತ್ತು ಬಂದವಳು ಒಬ್ಬಳೇ.
ಆ ಸೂಪು ಇನ್ನೂ ನಮ್ಮ ಹೊಟ್ಟೆಯಲ್ಲಿ ಬೆಚ್ಚಗಿತ್ತು.

ತೆಯೋಫಿಲೊ ಅಚ್ಚನ್ನು ಹೆಬ್ಬೆರಳಿಂದ ಒರೆಸಿದ.
ಹಿಡಿಕೆಯನ್ನು ನೇರಕ್ಕೆ ತಿರುಗಿಸಿದ.
ಕಾಗದದಲ್ಲಿ 'ಕಾರಣ' ಎಂಬ ಖಾಲಿ ಜಾಗಕ್ಕೆ
'ಹಿಮ' ಅಂತ ಬರೆದ.
ನಾನು ಏನೂ ಅನ್ನಲಿಲ್ಲ.
ಅಂದಿದ್ದರೂ ಕೇಳುತ್ತಿರಲಿಲ್ಲ.

ಮತ್ತೆ ತುಂಬಿಸಿದೆವು. ಮತ್ತೆ ನಲವತ್ತು ನಿಮಿಷ.
ಆಕಿಲೆಸ್ ನಮ್ಮ ವಂಶವನ್ನೆಲ್ಲ ಬೈದು ಮುಗಿಸಿದ,
ಕಂಪ್ರೆಸರ್ ಮುಗಿಸಿರಲಿಲ್ಲ.
ಮತ್ತೆ ಇಪ್ಪತ್ತು ಇಳಿಸು.
ಮುಳ್ಳು ನಡುಗಿತು, ಜಾರಿತು, ಎಪ್ಪತ್ತಕ್ಕೆ ಕೂತಿತು.
ಒಂದು ನಿಮಿಷ ನೋಡಿದೆವು: ಎರಡೇ ಪೌಂಡ್ ಸೋರಿಕೆ.
ಇಷ್ಟು ಸೋರದ ಎದೆ
ಈ ಗಣಿಗಳ ಸೀಮೆಯಲ್ಲಿ ಯಾರಿಗಿದೆ?

ರೈಲು ಇಳಿಯಿತು.
ಸುರಂಗ ಹಿಂಬದಿಯ ಕೆಂಪು ದೀಪವನ್ನು ನುಂಗಿತು.
ಇನ್ನು ಮೊದಲ ಕಡಿದಾದ ತಿರುವು.
ತೆಯೋಫಿಲೊ ಕಣಿವೆಯತ್ತ ತಿರುಗುವುದಿಲ್ಲ,
ನನ್ನ ಮುಖವನ್ನೇ ನೋಡುತ್ತಾನೆ.
ಹುಬ್ಬು ಕೇಳುತ್ತದೆ:
ಹಿಡಿಯಿತೇ?

ತಾಳು ಅಂತ ಕೈ ಎತ್ತಿದೆ.
ಗಾಳಿ. ಗಾಳಿ. ಎಲ್ಲೋ ನಾಯಿ.
ಆಮೇಲೆ, ಬಹಳ ಕೆಳಗಿನಿಂದ,
ನಲವತ್ತೆರಡು ಡಬ್ಬಿಗಳೂ ಒಟ್ಟಿಗೆ ಹಲ್ಲು ಕಡಿದ ಸದ್ದು.

ತಲೆಯಾಡಿಸಿದೆ.
ಅವನ ಬಾಯಿಂದ ಬಿಳಿ ಆವಿ ಒಮ್ಮೆಗೇ ಹೊರಬಂತು,
ಎಷ್ಟು ಹೊತ್ತಿನಿಂದ ಕಟ್ಟಿಕೊಂಡಿದ್ದನೋ.

"ಸೂಪಿನ ದುಡ್ಡು ಕೊಟ್ಟೆಯಾ?" ಅಂದ.
ಇಲ್ಲ, ಮರೆತೇಬಿಟ್ಟಿದ್ದೆ.